'ಬೆಟರ್' ಎಂದರೆ ಎಷ್ಟು? ಮಾನಸಿಕ ಆರೋಗ್ಯ ಕ್ಲಿನಿಕ್‌ನಲ್ಲಿ ಗುಣವನ್ನು ಅಳೆಯುವ ಕ್ರಮ

ಮಾನಸಿಕ ಕಾಯಿಲೆಯ ಒ.ಪಿ. ಚೀಟಿಗಳಲ್ಲಿ ಮತ್ತೆಮತ್ತೆ ಕಾಣುವ ಪದಗಳು ಎರಡು: 'ಬೆಟರ್' ಮತ್ತು 'ರಿಪೀಟ್'. ಯಾವುದರಲ್ಲಿ ಬೆಟರ್, ಎಷ್ಟು ಬೆಟರ್, ಯಾರು ಹೇಳಿದ್ದು ಎಂಬುದು ಅಲ್ಲಿರುವುದಿಲ್ಲ. ಆರು ತಿಂಗಳು ಕಳೆದು ಬೇರೆ ಡಾಕ್ಟರು ಅದೇ ಚೀಟಿ ಹಿಡಿದರೆ ಮಾತ್ರೆ ಹೆಚ್ಚಿಸಬೇಕೋ, ಇಳಿಸಬೇಕೋ, ಬದಲಿಸಬೇಕೋ ಎಂದು ತಿಳಿಯುವ ದಾರಿಯೇ ಇಲ್ಲ. ಬಿಪಿಯ ರೋಗಿಗೆ ಯಾರೂ ಅಳೆಯದೆ ಮಾತ್ರೆ ಬದಲಿಸುವುದಿಲ್ಲ. ಇಲ್ಲಿ ಮಾತ್ರ ಅದು ನಡೆದುಹೋಗುತ್ತದೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕುಟುಂಬ ಆರೋಗ್ಯ ಕೇಂದ್ರ, ಸಮುದಾಯ ಕ್ಲಿನಿಕ್, ಹಗಲು ಆರೈಕೆ ಕೇಂದ್ರಗಳಲ್ಲಿ ಕೆಲಸ ಮಾಡುವ ನರ್ಸ್, ಕೌನ್ಸೆಲರ್, ಸೋಶಿಯಲ್ ವರ್ಕರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಗೊತ್ತಾದ ಪ್ರಶ್ನೆಗಳನ್ನು ಕೇಳಿ ಅಂಕ ಹಾಕುವ ಈ ಕೆಲಸ ದೊಡ್ಡದಲ್ಲ, ಒಬ್ಬರಿಗೆ ಎಂಟು-ಹತ್ತು ನಿಮಿಷ. ಆದರೆ ಎರಡು ಕಟ್ಟುನಿಟ್ಟು ಬೇಕು. ಪ್ರತಿಸಲವೂ ಅಳೆಯುವ ಕ್ರಮ ಒಂದೇ ಆಗಿರಬೇಕು. ಮಾತ್ರೆ ಬರೆಯುವ ಮೊದಲೇ ಅಂಕ ಡಾಕ್ಟರ ಮೇಜಿನ ಮೇಲಿರಬೇಕು. ಮಾತ್ರೆ ಬರೆದಾದ ಮೇಲೆ ತುಂಬಿಸಿದ ಫಾರ್ಮು ಮೇಲಿನವರಿಗೆ ಕಳಿಸುವ ವರದಿಗೆ ಆದೀತು, ರೋಗಿಗೆ ಅದರಿಂದ ಏನೂ ಆಗದು.

ಯಾರಿಗೆ ಯಾವ ಮಾಪಕ

ಖಿನ್ನತೆಗೆ ಪಿಎಚ್‌ಕ್ಯು-9, ಆತಂಕಕ್ಕೆ ಜಿಎಡಿ-7 ಎಂಬ ಪ್ರಶ್ನಾವಳಿ. ಎರಡೂ ಉಚಿತ, ಮುದ್ರಿಸಲು ಯಾರ ಅನುಮತಿಯೂ ಬೇಡ, ಕನ್ನಡದಲ್ಲೂ ಮಲಯಾಳಂನಲ್ಲೂ ಸಿಗುತ್ತವೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಲಕ್ಷಣ ಒಂದೊಂದಕ್ಕೂ ಕೇಳುವವರೇ ಅಂಕ ಹಾಕುವ 18 ಅಂಶಗಳ ಬಿಪಿಆರ್‌ಎಸ್. ಅದಕ್ಕೂ ಹೊತ್ತಿಲ್ಲದಲ್ಲಿ ಒಟ್ಟಾರೆ ಕಾಯಿಲೆಗೆ 1ರಿಂದ 7ರವರೆಗೆ ಒಂದೇ ಅಂಕ ಕೊಡುವ ಸಿಜಿಐ. ಸಂಶೋಧನೆಗಳಲ್ಲಿ ಬಳಸುವ ಪ್ಯಾನ್ಸ್ ಮಾಪಕಕ್ಕೆ ಅರ್ಧ ಗಂಟೆಯಿಂದ ಮೇಲೆ ಬೇಕು, ಪರವಾನಗಿಯೂ ತರಬೇತಿಯೂ ಬೇಕು. ವಾರಕ್ಕೊಮ್ಮೆ ನಡೆಯುವ, ಹೊರಗೆ ಉದ್ದ ಸಾಲಿರುವ ಕ್ಲಿನಿಕ್‌ಗೆ ಅದು ಹೇಳಿಸಿದ್ದಲ್ಲ.

ರೋಗಲಕ್ಷಣದ ಮಾಪಕ ಒಂದು, ದಿನದ ಬಾಳು ಹೇಗೆ ನಡೆಯುತ್ತಿದೆ ಎಂದು ನೋಡುವುದು ಒಂದು. ಒಬ್ಬರಿಗೆ ಇಷ್ಟೇ. ಐದಾರು ಫಾರ್ಮು ಇಟ್ಟುಕೊಂಡ ಕಡೆ ಮೂರನೇ ತಿಂಗಳಿಗೆ ಎಲ್ಲವೂ ನಿಂತಿರುತ್ತವೆ.

ಪಿಎಚ್‌ಕ್ಯು-9 ಕೇಳುವ ರೀತಿ

ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ಎಲ್ಲ ಪ್ರಶ್ನೆಗಳೂ ಕಳೆದ ಎರಡು ವಾರದ ಬಗ್ಗೆ. ಎಡವಟ್ಟಾಗುವುದು ಹೆಚ್ಚಾಗಿ ಈ 'ಎರಡು ವಾರ'ದಲ್ಲೇ. ಹತ್ತು ವರ್ಷದಿಂದ ನಿದ್ದೆ ಇಲ್ಲ ಎಂದು ಶುರುವಾದ ಮಾತು ಅತ್ತೆಯ ಕಾಲದವರೆಗೆ ಹೋಗುತ್ತದೆ, ಕೇಳುವವರು ಸುಮ್ಮನೆ 3 ಹಾಕಿಬಿಡುತ್ತಾರೆ.

ಫಾರ್ಮಿನ ಬದಿಗೆ 14 ಚೌಕಗಳ ಒಂದು ಪಟ್ಟಿ ಮುದ್ರಿಸಿಟ್ಟುಕೊಳ್ಳಿ. 'ಕೆಲವು ದಿನ', 'ಅರ್ಧಕ್ಕಿಂತ ಹೆಚ್ಚು ದಿನ' ಎಂಬ ಮಾತು ಓದಿ ಹೇಳಿದರೆ ಅನೇಕರಿಗೆ ಹತ್ತುವುದಿಲ್ಲ. ದಿನ ಎಣಿಸುವುದು ಸುಲಭ: 0–1 ದಿನಕ್ಕೆ 0, 2–6 ದಿನಕ್ಕೆ 1, 7–11 ದಿನಕ್ಕೆ 2, 12–14 ದಿನಕ್ಕೆ 3.

"ಅಕ್ಕಾ, ಹೋದ ಶುಕ್ರವಾರ ಅಲ್ಲ, ಅದರ ಹಿಂದಿನ ಶುಕ್ರವಾರದಿಂದ ಲೆಕ್ಕ ಹಿಡಿಯಿರಿ. ರಾತ್ರಿ ನಿದ್ದೆ ಸರಿಯಾಗದ ದಿನ ಎಷ್ಟು?"

"ನಿದ್ದೆ ಎಲ್ಲಿಯದ್ದು ಮಾರಾಯ್ತಿ, ಮಗಳ ಬಾಣಂತನ ಅಲ್ವಾ. ಶಿಶು ರಾತ್ರಿಯಿಡೀ ಎಚ್ಚರ."

ಇಲ್ಲಿ ಏನು ಮಾಡಬೇಕು? ಕಾರಣ ಏನೇ ಇರಲಿ, ದಿನ ಎಣಿಸಿ ಅಂಕ ಹಾಕಿ, ಬದಿಯಲ್ಲಿ 'ಬಾಣಂತನ' ಎಂದು ಬರೆಯಿರಿ. ಇದು ಕಾಯಿಲೆಯಿಂದ, ಇದು ಮನೆಕೆಲಸದಿಂದ ಎಂದು ಕೇಳುವವರೇ ವಿಂಗಡಿಸಲು ಹೊರಟರೆ ಇವತ್ತಿನ ನರ್ಸ್ ಕೊಟ್ಟ ಅಂಕಕ್ಕೂ ಮುಂದಿನ ತಿಂಗಳ ನರ್ಸ್ ಕೊಡುವ ಅಂಕಕ್ಕೂ ಹೊಂದಾಣಿಕೆಯೇ ಇರುವುದಿಲ್ಲ. ವಿಂಗಡಿಸುವುದು ಡಾಕ್ಟರ ಕೆಲಸ, ಬದಿಯ ಟಿಪ್ಪಣಿ ಅದಕ್ಕೇ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರ ನಿದ್ದೆ, ಹಸಿವು, ಸುಸ್ತಿನ ಪ್ರಶ್ನೆಗಳಿಗೂ, ಯಕ್ಷಗಾನ ಮೇಳದ ತಿರುಗಾಟದಲ್ಲಿ ರಾತ್ರಿ ದುಡಿಯುವವರ ನಿದ್ದೆಯ ಪ್ರಶ್ನೆಗೂ ಇದೇ ನಿಯಮ.

ಒಂದೆರಡು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ಉತ್ತರಗಳ ಸರಾಸರಿಯನ್ನು ಆ ಜಾಗಕ್ಕೆ ಹಾಕಬಹುದು. ಮೂರೋ ಹೆಚ್ಚೋ ಬಿಟ್ಟುಹೋಗಿದ್ದರೆ ಒಟ್ಟು ಅಂಕ ಹಾಕಬೇಡಿ.

ಇನ್ನು ಭಾಷೆ. ನಮ್ಮ ಕಡೆ ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳಂ. ಮೊದಲ ದಿನ ಮಲಯಾಳಂ ಫಾರ್ಮಿನಲ್ಲಿ 16 ಬಂದು, ಮುಂದಿನ ಸಲ ಕನ್ನಡ ಬಲ್ಲ ನರ್ಸ್ ಕೇಳಿದಾಗ 11 ಬಂದರೆ ಆ 5 ಅಂಕ ಮಾತ್ರೆಯದ್ದೋ ಭಾಷೆಯದ್ದೋ ಹೇಳಲಾಗದು. ಮೊದಲ ದಿನವೇ ರೋಗಿಯನ್ನು ಕೇಳಿ ಭಾಷೆ ನಿಗದಿ ಮಾಡಿ, ಚೀಟಿಯ ಮೇಲ್ಗಡೆ ಬರೆದುಬಿಡಿ. ಅಚ್ಚಾದ ಫಾರ್ಮು ಸಿಗದ ಭಾಷೆಯಾದರೆ ಆ ಭಾಷೆ ಬಲ್ಲ ಇಬ್ಬರು ಸಿಬ್ಬಂದಿ ಕೂತು ಒಂಬತ್ತೂ ಪ್ರಶ್ನೆಗೆ ಒಂದು ಅನುವಾದ ಮಾಡಿ ಬರೆದಿಟ್ಟುಕೊಳ್ಳಲಿ. ಆಗಿಂದಾಗ ಬಾಯಿಗೆ ಬಂದಂತೆ ಅನುವಾದಿಸಬಾರದು. ಜೊತೆಗೆ ಬಂದ ಮಗಳನ್ನೋ ಗಂಡನನ್ನೋ ದುಭಾಷಿ ಮಾಡುವುದು ಎಲ್ಲಕ್ಕಿಂತ ಕೆಟ್ಟದು. ಅವರು ಉತ್ತರವನ್ನು ಮೆತ್ತಗೆ ಮಾಡುತ್ತಾರೆ, ಒಂಬತ್ತನೇ ಪ್ರಶ್ನೆಯನ್ನಂತೂ ಕೇಳುವುದೇ ಇಲ್ಲ.

ಕೇಳುವವರು ಮಾತ್ರೆ ಬರೆಯುವವರೇ ಆಗಿರುವುದು ಬೇಡ. "ಡಾಕ್ಟ್ರಿಗೆ ಬೇಜಾರಾಗ್ತದೆ" ಎಂದು ಅಂಕ ಇಳಿಸಿ ಹೇಳುವವರು ಬಹಳ.

ಒಂಬತ್ತನೇ ಪ್ರಶ್ನೆ

ಸತ್ತರೇ ಒಳ್ಳೆಯದಿತ್ತು ಅಥವಾ ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಎಂದು ಅನಿಸಿದ ದಿನಗಳ ಪ್ರಶ್ನೆ ಇದು. ಇಲ್ಲಿ 1 ಬಂದರೂ ಒಟ್ಟು ಅಂಕ ಪಕ್ಕಕ್ಕಿಟ್ಟು ಅವತ್ತೇ, ಅಲ್ಲೇ ಮುಂದುವರಿಸಿ ಕೇಳಬೇಕು: ಯೋಚನೆ ಮಾತ್ರವೋ, ಹೇಗೆ ಎಂದು ಯೋಜನೆಯೂ ಇದೆಯೋ, ಹಿಂದೆ ಪ್ರಯತ್ನ ನಡೆದಿದೆಯೋ, ಇವತ್ತು ರಾತ್ರಿ ಮನೆಯಲ್ಲಿ ಜೊತೆಗೆ ಯಾರಿದ್ದಾರೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ತಪ್ಪು. ಯೋಜನೆ ಇದ್ದರೆ ಅಥವಾ ಹಿಂದೆ ಪ್ರಯತ್ನ ನಡೆದಿದ್ದರೆ ಡಾಕ್ಟರು ನೋಡದೆ ಅವರು ಕ್ಲಿನಿಕ್ ಬಿಟ್ಟು ಹೋಗಬಾರದು. ಮನೆಯಲ್ಲಿರುವ ತೋಟದ ವಿಷ, ಉಳಿದ ಮಾತ್ರೆಗಳನ್ನು ಬೇರೊಬ್ಬರು ಬೀಗ ಹಾಕಿ ಇಟ್ಟುಕೊಳ್ಳುವ ಏರ್ಪಾಡು ಆಗಬೇಕು. ಮಾತ್ರೆ ಒಂದು ವಾರಕ್ಕಷ್ಟೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ನಡೆಯುತ್ತದೆ, ನಂಬರನ್ನು ಚೀಟಿಯ ಮೇಲೆ ದಪ್ಪಗೆ ಬರೆದುಕೊಡಿ.

ತುಂಬಿದ ಫಾರ್ಮುಗಳನ್ನು ಸಂಜೆ ಒಟ್ಟಿಗೆ ಕಂಪ್ಯೂಟರಿಗೆ ಹಾಕುವ ಪದ್ಧತಿ ಇದ್ದರೆ ಈ ಒಂದು ಕಾರಣಕ್ಕೇ ಅದನ್ನು ಬದಲಿಸಿ. ರೋಗಿ ಮನೆಗೆ ಹೋದ ಮೇಲೆ ಒಂಬತ್ತನೇ ಪ್ರಶ್ನೆಯಲ್ಲಿ 3 ಕಂಡರೆ ಹುಡುಕಿಕೊಂಡು ಹೋಗುವುದೇ ಕೆಲಸವಾಗುತ್ತದೆ.

ಅಂಕ ಇಳಿಯಿತು, ಗುಣವಾಯಿತೇ?

ಮೊದಲ ದಿನ, ಆಮೇಲೆ 2, 4, 8, 12ನೇ ವಾರ ಅಳೆಯಿರಿ. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಸ್ವಲ್ಪ ತೀವ್ರ, 20ರಿಂದ ತೀವ್ರ ಖಿನ್ನತೆ. ಬದಲಾವಣೆಯನ್ನು ಮೂರು ಪ್ರಶ್ನೆ ಹಾಕಿ ನೋಡಬೇಕು. 5 ಅಂಕವಾದರೂ ಇಳಿದಿದೆಯೇ? ಮೊದಲಿನ ಅರ್ಧಕ್ಕೆ ಬಂದಿದೆಯೇ? 5ಕ್ಕಿಂತ ಕೆಳಗೆ ಬಂದಿದೆಯೇ? 14 ಇದ್ದದ್ದು 11 ಆದರೆ ಏನೂ ಆಗಿಲ್ಲ ಎಂದೇ ಹಿಡಿಯಿರಿ, ಅಷ್ಟು ಏರಿಳಿತ ಮಾಪಕದಲ್ಲೇ ಇದೆ. 22 ಇದ್ದದ್ದು 13 ಆದರೆ ಖಂಡಿತ ಸುಧಾರಣೆ, ಆದರೂ ಅರ್ಧಕ್ಕೆ ಬಂದಿಲ್ಲ, ಇನ್ನೂ 10ರ ಮೇಲಿದೆ, ಚಿಕಿತ್ಸೆ ಅರ್ಧದಾರಿಯಲ್ಲಿದೆ. ಇಂಥವರಿಗೇ 'ಬೆಟರ್, ರಿಪೀಟ್' ಬಿದ್ದು ವರ್ಷಗಟ್ಟಲೆ ಅದೇ ಡೋಸಿನಲ್ಲಿ ಉಳಿಯುವುದು. 8 ಇದ್ದದ್ದು 4 ಆಯಿತು ಎಂದು ಶೇ. 50 ಸುಧಾರಣೆ ಬರೆಯುವುದಕ್ಕೂ ಅರ್ಥವಿಲ್ಲ, ಇಳಿದದ್ದು 5 ಅಂಕವೂ ಅಲ್ಲ.

ಖಿನ್ನತೆಯ ಮಾತ್ರೆ ಸರಿಯಾದ ಡೋಸಿನಲ್ಲಿ ಆರೆಂಟು ವಾರ ಸಿಕ್ಕಿದ ಮೇಲೂ ಅಂಕ ಅಲುಗಾಡದಿದ್ದರೆ ಬದಲಿಸುವ ಯೋಚನೆ ಮಾಡಬೇಕು. ಅದಕ್ಕೂ ಮೊದಲು ಮಾತ್ರೆಯ ಸ್ಟ್ರಿಪ್ ತಿರುಗಿಸಿ ಎಷ್ಟು ಉಳಿದಿದೆ ಎಂದು ಎಣಿಸಿ. ಮಾತ್ರೆ ನುಂಗದವರಲ್ಲಿ ಮಾತ್ರೆ ಕೆಲಸ ಮಾಡಲಿಲ್ಲ ಎಂದು ಬರೆದುಕೊಂಡರೆ ಮುಂದಿನ ಚಿಕಿತ್ಸೆಯೆಲ್ಲ ತಪ್ಪು ದಾರಿ ಹಿಡಿಯುತ್ತದೆ.

ಅಂಕ ತೀರಾ ಚೆನ್ನಾಗಿ ಇಳಿದಾಗಲೂ ಒಂದು ಅನುಮಾನ ಇರಲಿ. ಹತ್ತೇ ದಿನದಲ್ಲಿ 19ರಿಂದ 1ಕ್ಕೆ ಇಳಿದು, "ಮೂರು ಗಂಟೆ ಮಲಗಿದರೆ ಸಾಕು, ಸುಸ್ತೇ ಇಲ್ಲ" ಎನ್ನುವವರಿಗೆ ಮಾತು ಹೆಚ್ಚಾಗಿದೆಯೇ, ಖರ್ಚು ಹೆಚ್ಚಾಗಿದೆಯೇ ಎಂದು ಮನೆಯವರನ್ನು ಕೇಳಿ. ಖಿನ್ನತೆಯ ಮಾತ್ರೆಯಿಂದ ಉನ್ಮಾದಕ್ಕೆ ತಿರುಗಿರಬಹುದು, ಪಿಎಚ್‌ಕ್ಯು-9ರಲ್ಲಿ ಅದು ಗುಣವಾದಂತೆಯೇ ಕಾಣುತ್ತದೆ.

ಜನ ಆಸ್ಪತ್ರೆಗೆ ಬರುವುದು ತೀರಾ ಕಷ್ಟವಾದ ದಿನ. ಹಾಗಾಗಿ ಏನೂ ಮಾಡದಿದ್ದರೂ ಎರಡನೇ ಸಲಕ್ಕೆ ಅಂಕ ಒಂದಿಷ್ಟು ಇಳಿದೇ ಇರುತ್ತದೆ. ಎರಡನೇ ವಾರದ ಇಳಿಕೆಯನ್ನು ಮಾತ್ರೆಯ ಕೀರ್ತಿಗೆ ಸೇರಿಸಬೇಡಿ.

ಇನ್ನೊಂದು ಗುಂಪಿದೆ. ಎಣ್ಮಕಜೆ ಸುತ್ತಮುತ್ತ, ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು. ಮಗುವಿಗೆ ಅಪಸ್ಮಾರ ಬಂದ ರಾತ್ರಿ ತಾಯಿಗೂ ನಿದ್ದೆಯಿಲ್ಲ. ನಿದ್ದೆ, ಸುಸ್ತು, ಏಕಾಗ್ರತೆ ಈ ಮೂರರಲ್ಲೇ ಏಳೆಂಟು ಅಂಕ ಯಾವತ್ತೂ ಉಳಿದುಕೊಳ್ಳುತ್ತದೆ. ಒಟ್ಟು ಅಂಕ 5ಕ್ಕಿಂತ ಕೆಳಗೆ ಬರಲಿಲ್ಲ ಎಂದು ಡೋಸು ಏರಿಸುತ್ತಾ ಹೋಗುವುದು ಅನ್ಯಾಯ. ಇವರಲ್ಲಿ ಮೊದಲೆರಡು ಪ್ರಶ್ನೆಗಳನ್ನು, ಅಂದರೆ ಆಸಕ್ತಿ ಮತ್ತು ಮನಸ್ಸಿನ ಕುಗ್ಗುವಿಕೆಯನ್ನು, ಬೇರೆಯಾಗಿ ನೋಡಿ. ಜೊತೆಗೆ ಮನಸ್ಸಿನ ನೆಮ್ಮದಿ ಅಳೆಯುವ, ಐದೇ ಪ್ರಶ್ನೆಗಳ ಡಬ್ಲ್ಯುಎಚ್‌ಒ-5 ಹಾಕಿ: ಒಟ್ಟು 25, ಅದನ್ನು 4ರಿಂದ ಗುಣಿಸಿದರೆ ನೂರರ ಲೆಕ್ಕ, 10 ಅಂಕ ಏರಿದರೆ ಲೆಕ್ಕಕ್ಕೆ ಹಿಡಿಯುವಷ್ಟು ಬದಲಾವಣೆ. ಇಲ್ಲಿ ಅಂಕ ಹೆಚ್ಚಾದರೆ ಒಳ್ಳೆಯದು. ಪಿಎಚ್‌ಕ್ಯು-9ರ ಉಲ್ಟಾ. ಒಂದೇ ಚೀಟಿಯಲ್ಲಿ ಎರಡೂ ಇದ್ದರೆ ಬಾಣದ ಗುರುತು ಹಾಕಿಡಿ.

ಸೈಕೋಸಿಸ್ (ಇಲ್ಲದ ಧ್ವನಿ ಕೇಳುವುದು, ಇಲ್ಲದ್ದನ್ನು ನಿಜವೆಂದು ನಂಬುವುದು) ಇರುವವರಲ್ಲಿ

ಬಿಪಿಆರ್‌ಎಸ್‌ನಲ್ಲಿ ಪ್ರತಿ ಅಂಶಕ್ಕೂ 1ರಿಂದ 7. ಅಂದರೆ ಏನೂ ತೊಂದರೆ ಇಲ್ಲದವರಿಗೂ 18 ಬರುತ್ತದೆ. ಶೇಕಡಾ ಲೆಕ್ಕ ಮಾಡುವಾಗ ಆ 18 ಕಳೆಯಬೇಕು. 54 ಇದ್ದದ್ದು 36 ಆದರೆ 18 ಭಾಗಿಸು 54 ಎಂದು ಶೇ. 33 ಬರೆಯುವುದು ತಪ್ಪು. 18 ಭಾಗಿಸು 36, ಶೇ. 50. ಕೆಲವು ಮುದ್ರಿತ ಪ್ರತಿಗಳಲ್ಲಿ ಅಂಕ 0ಯಿಂದ 6 ಇರುತ್ತದೆ, ಯಾವುದು ನಿಮ್ಮ ಕೈಯಲ್ಲಿದೆ ನೋಡಿಕೊಳ್ಳಿ. ಮೊದಲು ರೋಗಿಯೊಬ್ಬರನ್ನೇ ಕೂರಿಸಿ ಮಾತಾಡಿ, ಮನೆಯವರ ಜೊತೆ ಆಮೇಲೆ. ಧ್ವನಿ ಕೇಳುವುದು ನಿಂತಿದೆ ಎಂದು ಅಂಕ ಇಳಿದರೂ ಮಾತಿಲ್ಲ, ಮುಖದಲ್ಲಿ ಭಾವವಿಲ್ಲ, ಸ್ನಾನವಿಲ್ಲ ಎಂಬುದು ಹಾಗೇ ಉಳಿಯಬಹುದು. ಮನೆಯವರ ಕಷ್ಟ ಹೆಚ್ಚಾಗಿ ಅದೇ.

ಚಿಕಿತ್ಸೆಯ ಫಲದ ಜೊತೆ ಅದರ ಬೆಲೆಯನ್ನೂ ಅಳೆಯಬೇಕು. ಒಲಾಂಜಪಿನ್‌ನಂಥ ಮಾತ್ರೆ ಶುರು ಮಾಡಿದ ದಿನ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಶುಗರ್. ತೂಕ ಮತ್ತೆ 4, 8, 12ನೇ ವಾರ, ಶುಗರ್ 12ನೇ ವಾರ. ತೂಕ ಶೇ. 7 ಏರಿದರೆ ಡಾಕ್ಟರಿಗೆ ಹೇಳಲೇಬೇಕು: 57 ಕೆ.ಜಿ. ಇದ್ದವರು 61 ಮುಟ್ಟಿದರೆ ಅಷ್ಟಾಯಿತು. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಅದರ ಮಟ್ಟ ನೋಡಲು ರಕ್ತವನ್ನು ಕೊನೆಯ ಮಾತ್ರೆಯಿಂದ 12 ಗಂಟೆಗೆ ತೆಗೆಯಬೇಕು. ಬೆಳಿಗ್ಗೆ ಬಸ್ ಹತ್ತುವ ಮೊದಲು ಮಾತ್ರೆ ನುಂಗಿ ಬಂದವರ ರಿಪೋರ್ಟು ಸುಮ್ಮನೆ ಜಾಸ್ತಿ ತೋರಿಸುತ್ತದೆ. "ಅವತ್ತು ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ" ಎಂದು ಹಿಂದಿನ ಭೇಟಿಯಲ್ಲೇ ಹೇಳಿ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಐಡಿಯಾಸ್ ಮಾಪಕವನ್ನು ಪ್ರಗತಿ ನೋಡಲು ಎಳೆದು ತರಬೇಡಿ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು-ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೆ 0ರಿಂದ 4 ಅಂಕ, ಮೇಲೆ ಕಾಯಿಲೆಯ ಅವಧಿಗೆ 1ರಿಂದ 4. ಒಟ್ಟು 7 ಬಂದರೆ ಶೇ. 40. ಅವಧಿಯ ಅಂಕ ಏರುವುದೇ ಹೊರತು ಇಳಿಯುವುದಿಲ್ಲ. ರೋಗಿ ಚೇತರಿಸಿಕೊಂಡರೂ ಕಾಯಿಲೆಗೆ ಹತ್ತು ವರ್ಷ ದಾಟಿದ ಕೂಡಲೇ ಒಂದು ಅಂಕ ಕೂಡುತ್ತದೆ. ಅಲ್ಲದೆ ಪೆನ್ಶನ್ ಇದರ ಮೇಲೆ ನಿಂತಿರುವಾಗ "ಈಗ ಸ್ವಲ್ಪ ಕೆಲಸಕ್ಕೆ ಹೋಗ್ತಾನೆ" ಎಂದು ಯಾವ ಮನೆಯವರು ಹೇಳಿಯಾರು? ಹೇಳದವರನ್ನು ದೂರುವಂತೆಯೂ ಇಲ್ಲ.

ಕುಡಿತ

ಆಡಿಟ್ ಮಾಪಕ ಪತ್ತೆಗೆ ಒಳ್ಳೆಯದು, ತಿಂಗಳ ಪ್ರಗತಿಗೆ ಅಲ್ಲ. ಅದರ ಹೆಚ್ಚಿನ ಪ್ರಶ್ನೆಗಳು ಕಳೆದ ಒಂದು ವರ್ಷದ್ದು. ಎರಡು ತಿಂಗಳು ಬಿಟ್ಟವರಿಗೂ ಹಳೆಯ ಅಂಕವೇ ಬರುತ್ತದೆ. ಬದಲಿಗೆ ಗೋಡೆಯ ಕ್ಯಾಲೆಂಡರ್ ಮುಂದಿಟ್ಟು ಕಳೆದ 28 ದಿನ ಒಂದೊಂದಾಗಿ ಹಿಂದಕ್ಕೆ ಹೋಗಿ: ಮದುವೆ ಯಾವಾಗ, ಭೂತಕೋಲ ಯಾವಾಗ, ಸಂಬಳ ಯಾವಾಗ. ಕುಡಿದ ದಿನ ಎಷ್ಟು, ಕುಡಿದ ದಿನಕ್ಕೆ ಎಷ್ಟು ಎಂದು ಎರಡೇ ಸಂಖ್ಯೆ ಸಾಕು. 30 ಮಿ.ಲೀ. ಬ್ರಾಂದಿ ಸುಮಾರು 10 ಗ್ರಾಂ ಆಲ್ಕೋಹಾಲ್, ಅಂದರೆ 180ರ ಕ್ವಾರ್ಟರ್ ಆರು ಪೆಗ್ಗಿನ ಲೆಕ್ಕ. ಶೇ. 8ರ 650 ಮಿ.ಲೀ. ಬಿಯರ್ ಬಾಟಲಿ ನಾಲ್ಕರ ಲೆಕ್ಕ. ಕಳ್ಳಿನ ಕಸುವು ಹೊತ್ತಿಗೊಂದರಂತೆ ಬದಲಾಗುವುದರಿಂದ ಗ್ಲಾಸು ಎಣಿಸಿ ಬರೆದುಕೊಳ್ಳಿ, ಗ್ರಾಂಗೆ ಇಳಿಸಬೇಡಿ.

ರೋಗಿಯದೇ ಗುರಿ

ರೋಗಲಕ್ಷಣದ ಅಂಕ ಡಾಕ್ಟರಿಗೆ ಬೇಕಾದ್ದು. ರೋಗಿಗೆ ಬೇಕಾದ್ದು ಬೇರೆ ಇರುತ್ತದೆ. ಅದನ್ನು −2ರಿಂದ +2ರವರೆಗಿನ ಐದು ಮೆಟ್ಟಿಲಾಗಿ ಬರೆಯುವ ಪದ್ಧತಿ 1968ರಿಂದ ಬಳಕೆಯಲ್ಲಿದೆ. ಅಡಿಕೆ ತೋಟದ ಮನೆಯ ಒಬ್ಬ ಯುವಕನಿಗೆ ಹೀಗೆ ಬರೆಯಬಹುದು:

−2: ಊಟಕ್ಕೂ ಕೋಣೆಯಿಂದ ಹೊರಬರುವುದಿಲ್ಲ.
−1: ಊಟಕ್ಕೆ ಬರುತ್ತಾನೆ, ಕೆಲಸಕ್ಕೆ ಕೈ ಹಾಕುವುದಿಲ್ಲ.
0: ವಾರಕ್ಕೆ ಎರಡು ದಿನ ಅಂಗಳದಲ್ಲಿ ಅಡಿಕೆ ಹರಡಿ, ಸಂಜೆ ರಾಶಿ ಮಾಡುತ್ತಾನೆ.
+1: ವಾರಕ್ಕೆ ನಾಲ್ಕು ದಿನ, ಯಾರೂ ಹೇಳದೆ.
+2: ಬಸ್ಸಿನಲ್ಲಿ ಒಬ್ಬನೇ ಪೇಟೆಗೆ ಹೋಗಿ ಸಾಮಾನು ತರುತ್ತಾನೆ.

ಮೂರು ತಿಂಗಳಿಗೆ ಆಗಬಹುದು ಎಂದು ನಿಜಕ್ಕೂ ಅನಿಸುವುದು 0ಯಲ್ಲಿರಬೇಕು. ಕಣ್ಣಿಗೆ ಕಾಣುವ, ಎಣಿಸಲು ಬರುವ ಮಾತಿರಲಿ. 'ಚುರುಕಾಗಬೇಕು' ಎಂಬುದು ಗುರಿಯಲ್ಲ. ಅಪ್ಪನ ಗುರಿಯನ್ನು ಮಗನ ಹೆಸರಲ್ಲಿ ಬರೆಯಬೇಡಿ. ಮಳೆಗಾಲದಲ್ಲಿ ಅಂಗಳವೇ ಇಲ್ಲದಿರುವಾಗ ಈ ಗುರಿ ತಾನಾಗಿ ಸೋಲುತ್ತದೆ, ಹಾಗಾಗಿ ಜೂನ್ ದಾಟುವ ಅವಧಿಯಾದರೆ ಬೇರೆ ಕೆಲಸ ಆರಿಸಿ.

ಕ್ಲಿನಿಕ್‌ನ ಲೆಕ್ಕ: ಬಾರದವರನ್ನು ಬಿಡಬೇಡಿ

ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ 60 ಜನ ಖಿನ್ನತೆಗೆ ಹೊಸದಾಗಿ ಹೆಸರು ಬರೆಸಿದರು. 12ನೇ ವಾರಕ್ಕೆ ಬಂದವರು 34. ಅವರಲ್ಲಿ 20 ಜನರ ಅಂಕ ಅರ್ಧಕ್ಕಿಳಿದಿದೆ. 20 ಭಾಗಿಸು 34 ಮಾಡಿದರೆ ಶೇ. 59, 20 ಭಾಗಿಸು 60 ಮಾಡಿದರೆ ಶೇ. 33. ವರದಿಯಲ್ಲಿ ಎರಡನ್ನೂ ಬರೆಯಿರಿ, 26 ಜನರ ಅಂಕ ಗೊತ್ತಿಲ್ಲ ಎಂಬುದನ್ನೂ ಬರೆಯಿರಿ. ಬರೀ 59 ಬರೆಯುವ ಕ್ಲಿನಿಕ್‌ನಲ್ಲಿ ರೋಗಿಗಳು ಕೈಬಿಟ್ಟು ಹೋದಷ್ಟೂ ಫಲಿತಾಂಶ ಚೆನ್ನಾಗಿ ಕಾಣುತ್ತದೆ.

ಬಾರದವರೆಲ್ಲ ಹದಗೆಟ್ಟವರೂ ಅಲ್ಲ, ಗುಣವಾದವರೂ ಅಲ್ಲ. ಕೆಲವರು ಮಂಗಳೂರಿಗೆ ಹೋಗಿರುತ್ತಾರೆ, ಕೆಲವರಿಗೆ ಮಾತ್ರೆ ತಿಂದು ಬಾಯಿ ಒಣಗಿ ಸಾಕಾಗಿರುತ್ತದೆ, ಕೆಲವರಿಗೆ ಬಸ್ಸಿಗೆ ದುಡ್ಡಿಲ್ಲ. ತಪ್ಪಿದ ದಿನದಿಂದ ಒಂದು ವಾರದೊಳಗೆ ಫೋನ್ ಮಾಡಿ, ಸಿಗದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ, ಕಾರಣವನ್ನು ರಿಜಿಸ್ಟರಿನಲ್ಲಿ ಒಂದೇ ಪದದಲ್ಲಿ ಬರೆಯಿರಿ. ಪಿಎಚ್‌ಕ್ಯು-9 ಫೋನಿನಲ್ಲೂ ಕೇಳಬಹುದು; 'ಫೋನ್' ಎಂದು ಗುರುತು ಹಾಕಿ, ಸುತ್ತ ಯಾರಾದರೂ ಇದ್ದಾರೆಯೇ ಎಂದು ಮೊದಲು ಕೇಳಿ. ಒಂದೇ ಮೊಬೈಲ್ ಇಡೀ ಮನೆಗೆ ಇರುವಲ್ಲಿ ಫೋನ್ ಎತ್ತಿದವರಿಗೆ 'ಮಾನಸಿಕ ಕ್ಲಿನಿಕ್‌ನಿಂದ' ಎನ್ನಬಾರದು. ಯಾವ ಹೆಸರು ಹೇಳಿ ಮಾತಾಡಬೇಕೆಂದು ಮೊದಲ ಭೇಟಿಯಲ್ಲೇ ರೋಗಿಯೊಂದಿಗೆ ಗೊತ್ತು ಮಾಡಿಕೊಳ್ಳಿ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರೋಗಿಯ ಹಕ್ಕು. ತನ್ನ ದಾಖಲೆ ನೋಡುವುದೂ 25ನೇ ಸೆಕ್ಷನ್ ಪ್ರಕಾರ ಹಕ್ಕೇ. ಹಾಗಾಗಿ ಅಂಕದ ಹಾಳೆಯನ್ನು ಅವರ ಕಡೆಗೂ ತಿರುಗಿಸಿ ತೋರಿಸಿ.

ಗಡಿ ದಾಟಿ ಮಂಗಳೂರಿಗೋ ದೇರಳಕಟ್ಟೆಗೋ ರೆಫರ್ ಮಾಡುವಾಗ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ಮಾಪಕದ ಹೆಸರು, ಕೇಳಿದ ಭಾಷೆ, ಕೇಳಿದವರು ಯಾರು, ತಾರೀಕು ಸಮೇತ ಮೊದಲ ಅಂಕ ಮತ್ತು ಇತ್ತೀಚಿನ ಅಂಕ, ಒಂಬತ್ತನೇ ಪ್ರಶ್ನೆಯ ಅಂಕ ಬೇರೆಯಾಗಿ. ಇಂಗ್ಲಿಷಿನಲ್ಲೇ ಬರೆಯಿರಿ, ಮಲಯಾಳಂ ಚೀಟಿ ಆ ಕಡೆ ಓದುವವರಿಲ್ಲದೆ ಫೈಲಿನೊಳಗೇ ಉಳಿಯುತ್ತದೆ.